ಮಜ್ಜೆ ಪೂರ್ತಿ ಹೊಂದುತ್ತದೆ ಎಂದ ಮೇಲೆ ವರ್ಷವಿಡೀ ಮದ್ದು ಯಾಕೆ?

ನೀರ್ಚಾಲಿನ ಮಾವ
ನನ್ನ ತಂಗಿಯ ಮಗನಿಗೆ ಹದಿಮೂರು. ಮಳೆಗಾಲ ಹಿಡಿಯುವ ಹೊತ್ತಿಗೆ ಅವನ ಮೊಣಕಾಲಿನ ಕೆಳಗೆ ನೀಲಿ ಕಲೆಗಳು ಕಾಣಿಸಿಕೊಂಡವು. ಆಟದಲ್ಲಿ ಬಿದ್ದಿರಬೇಕು ಎಂದುಕೊಂಡೆವು. ಆಮೇಲೆ ಹಲ್ಲುಜ್ಜುವಾಗ ವಸಡಿನ ರಕ್ತ ನಿಲ್ಲದೇ ಹೋದಾಗ ಮಂಗಳೂರಿಗೆ ಓಡಿದೆವು. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಿ ತೀವ್ರ ಅಪ್ಲಾಸ್ಟಿಕ್ ಅನೀಮಿಯಾ ಎಂದರು. ಕ್ಯಾನ್ಸರ್ ಅಲ್ಲ, ಆದರೆ ರಕ್ತ ಹುಟ್ಟುವ ಜಾಗವೇ ಬರಿದಾಗಿದೆ.

ಅವನ ಹತ್ತು ವರ್ಷದ ತಂಗಿಯ ಮಜ್ಜೆ ಪೂರ್ತಿ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಬಂತು. ಅಂದು ಮನೆಯಲ್ಲಿ ಪಾಯಸ. ಆದರೆ ಡಾಕ್ಟರು ಹೇಳಿದ ಮಾತುಗಳು ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡುವುದಿಲ್ಲ. ಪೂರ್ತಿ ಹೊಂದಿದ್ದರೂ ಕಸಿಯ ಮೊದಲು ಹುಡುಗನ ರೋಗನಿರೋಧಕ ಶಕ್ತಿಯನ್ನು ಮದ್ದು ಕೊಟ್ಟು ಇಳಿಸಬೇಕಂತೆ, ಕಸಿಯಾದ ಮೇಲೆ ವರ್ಷದ ಮಟ್ಟಿಗೆ ಸೈಕ್ಲೋಸ್ಪೊರಿನ್ ಎಂಬ ಮದ್ದು ನುಂಗಬೇಕಂತೆ. ನಾವು ಅಣ್ಣತಮ್ಮಂದಿರೆಲ್ಲ ರಕ್ತ ಕೊಡಲು ಹೋದರೆ ಸಂಬಂಧಿಕರು ಯಾರೂ ಬೇಡ ಎಂದು ವಾಪಸು ಕಳುಹಿಸಿದರು. ಹುಡುಗನದು ಒ ಪಾಸಿಟಿವ್, ಹುಡುಗಿಯದು ಬಿ ಪಾಸಿಟಿವ್. ಅದಕ್ಕೆ ಮಾತ್ರ ಏನೂ ತೊಂದರೆ ಇಲ್ಲವಂತೆ! ಕೇಳಿದರೆ ಹೇಳುತ್ತಾರೆ, ಆದರೆ ಬೆನ್ನ ಹಿಂದಿನ ಸಾಲು ನೋಡಿದರೆ ನಮಗೇ ಮಾತು ಹೊರಡುವುದಿಲ್ಲ. ಜಗಳ ಇರುವುದು ಯಾರಿಗೂ ಯಾರಿಗೂ? ತಿಳಿದವರು ಬಿಡಿಸಿ ಹೇಳಿ.

ತಲಪಾಡಿ ಗೇಟು
ಹುಡುಗ ಬೇಗ ಹುಷಾರಾಗಲಿ ಮಾವ. ಮಧೂರು ಗಣಪತಿಗೆ ಒಂದು ಅಪ್ಪದ ಸೇವೆ ನನ್ನ ಲೆಕ್ಕದಲ್ಲಿ.

ಮಧೂರು ಮಾಸ್ತರ್
ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು, ಹೇಳುತ್ತೇನೆ ಕೇಳಿ. ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶದ ಮೈಮೇಲೆ ಎಚ್‌ಎಲ್‌ಎ ಎಂಬ ಗುರುತು ಇರುತ್ತದೆ. ಅದರ ವಂಶವಾಹಿಗಳು ಆರನೇ ವರ್ಣತಂತುವಿನ ಮೇಲಿವೆ. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತವೆ. ಹಾಗಾಗಿ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇರುವ ಒಬ್ಬಳೇ ತಂಗಿಯಲ್ಲಿ ಅದು ಸಿಕ್ಕಿದ್ದು ನಿಮ್ಮ ಅದೃಷ್ಟ. ಈ ಗುರುತನ್ನು ಕಂಡುಹಿಡಿದ ಫ್ರಾನ್ಸಿನ ಜಾನ್ ಡಾಸೆಗೆ 1980ರಲ್ಲಿ ನೊಬೆಲ್ ಬಂತು. ಗುರುತು ಬೇರೆಯಾದರೆ ರೋಗಿಯ ದೇಹ ಹೊಸ ಕೋಶಗಳ ಮೇಲೆ ಬೀಳುತ್ತದೆ, ಕಿಡ್ನಿ ಕಸಿಯಲ್ಲಿ ಆಗುವಂತೆ. ಗುರುತು ಒಂದೇ ಆದ ಮೇಲೆ ಜಗಳಕ್ಕೆ ಕಾರಣವೇ ಇಲ್ಲ. ಮದ್ದು ಎಲ್ಲ ಆಸ್ಪತ್ರೆಯವರ ಅತಿ ಎಚ್ಚರಿಕೆ ಎಂದು ನನ್ನ ಅಭಿಪ್ರಾಯ.

ಪೆರ್ಲದ ಕೃಷಿಕ
ನನ್ನದೊಂದು ಅಡ್ಡ ಪ್ರಶ್ನೆ. ಸೊರಗು ರೋಗದ ಕಾಟಕ್ಕೆ ನಾವು ಕರಿಮೆಣಸಿನ ಬಳ್ಳಿಯನ್ನು ಅಮೆಜಾನ್ ಕಡೆಯಿಂದ ಬಂದ ಹಿಪ್ಪಲಿ ಗಿಡಕ್ಕೆ ಕಸಿ ಕಟ್ಟುತ್ತೇವೆ. ಜಾತಿಯೇ ಬೇರೆ. ಆದರೂ ಬೇರು ಅದರದ್ದು, ಬಳ್ಳಿ ಇದರದ್ದು. ತಂಟೆ ಇಲ್ಲದೆ ಫಸಲು ಕೊಡುತ್ತದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಎರಡು ಮಕ್ಕಳಿಗೆ ಯಾಕೆ ಇಷ್ಟು ರಗಳೆ?

ಬಿಳಿ ಕೋಟು
ಊರು ಮುಳ್ಳೇರಿಯ, ಕೆಲಸ ಬೆಂಗಳೂರಿನ ಒಂದು ಕಸಿ ವಿಭಾಗದಲ್ಲಿ. ಹುಡುಗನ ಚಿಕಿತ್ಸೆಯ ಬಗ್ಗೆ ಅವನ ಡಾಕ್ಟರ ಮಾತೇ ಕೊನೆಯದು. ನಾನು ಒಳಗೆ ನಡೆಯುವುದನ್ನು ಮಾತ್ರ ಹೇಳುತ್ತೇನೆ.

ಮೊದಲು ಮೆಣಸಿನ ಬಳ್ಳಿ. ಗಿಡದಲ್ಲಿ ಊರೆಲ್ಲ ಸುತ್ತುವ ಬಿಳಿ ರಕ್ತಕಣ ಎಂಬುದಿಲ್ಲ. ಪರಕೀಯವನ್ನು ಒಮ್ಮೆ ಕಂಡು ನೆನಪಿಟ್ಟುಕೊಳ್ಳುವ ಟಿ ಕೋಶಗಳೂ ಇಲ್ಲ. ಪ್ರತಿ ಕೋಶ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಕೃಷಿಕರ ಕಸಿ ನಮ್ಮ ಕಸಿಗಿಂತ ಸುಲಭ.

ಇನ್ನು ಮಾಸ್ತರರು ಹೇಳಿದ್ದು ಅರ್ಧ. ಕಿಡ್ನಿಯಲ್ಲಿ ದಾಳಿ ಹೆಚ್ಚಾಗಿ ಒಂದೇ ಕಡೆಯಿಂದ. ಮಜ್ಜೆಯಲ್ಲಿ ಎರಡೂ ಕಡೆಯಿಂದ. ದಾನಿಯ ಮಜ್ಜೆ ತುಂಬಿದ ಚೀಲದಲ್ಲಿ ಬರುವುದು ರಕ್ತ ಹುಟ್ಟಿಸುವ ಕಾಂಡಕೋಶ ಮಾತ್ರವಲ್ಲ. ಜೊತೆಗೆ ಆ ಹುಡುಗಿಯ ಬಲಿತ ಟಿ ಕೋಶಗಳೂ ಬರುತ್ತವೆ. ಹುಡುಗನ ಟಿ ಕೋಶಗಳು ಹೊಸ ಮಜ್ಜೆಯನ್ನು ಕೊಂದರೆ ಅದು ತಿರಸ್ಕಾರ. ಹುಡುಗಿಯ ಟಿ ಕೋಶಗಳು ಹುಡುಗನ ಚರ್ಮ, ಕರುಳು, ಯಕೃತ್ತಿನ ಮೇಲೆ ಬಿದ್ದರೆ ಅದಕ್ಕೆ ಜಿವಿಎಚ್‌ಡಿ ಎನ್ನುತ್ತೇವೆ. ಕಸಿಯ ಮೊದಲು ಕೊಡುವ ಮದ್ದು ಮೊದಲನೆಯದನ್ನು ತಡೆಯಲು. ಆಮೇಲೆ ನುಂಗುವ ಸೈಕ್ಲೋಸ್ಪೊರಿನ್ ಎರಡನ್ನೂ ತಡೆಯಲು. ಟಿ ಕೋಶ ಕೆರಳಿದಾಗ ತನ್ನ ಸಂತಾನ ಹೆಚ್ಚಿಸಿಕೊಳ್ಳಲು ಒಂದು ರಾಸಾಯನಿಕ ಸಂದೇಶ ತಯಾರಿಸುತ್ತದೆ. ಸೈಕ್ಲೋಸ್ಪೊರಿನ್ ಆ ಸಂದೇಶವೇ ಹುಟ್ಟದಂತೆ ಮಾಡುತ್ತದೆ.

ಪೂರ್ತಿ ಹೊಂದಿದ ಮೇಲೆ ಯಾಕೆ ಎಂದರೆ, ನಾವು ತಾಳೆ ನೋಡುವುದು ಎಚ್‌ಎಲ್‌ಎಯ ಕೆಲವು ಜಾಗಗಳನ್ನು ಮಾತ್ರ. ಎಚ್‌ಎಲ್‌ಎ ಒಂದು ಹಿಡಿಕೆ ಇದ್ದ ಹಾಗೆ; ಕೋಶದೊಳಗಿನ ಪ್ರೋಟೀನಿನ ಚೂರುಗಳನ್ನು ಹಿಡಿದು ಹೊರಗೆ ತೋರಿಸುತ್ತದೆ. ಹಿಡಿಕೆ ಒಂದೇ ಆದರೂ ಅದರಲ್ಲಿರುವ ಚೂರು ಬೇರೆ ಇರಬಹುದು. ಈ ಮನೆಯ ಉದಾಹರಣೆಯನ್ನೇ ನೋಡಿ. ಕೊಡುವವಳು ಹುಡುಗಿ, ತೆಗೆದುಕೊಳ್ಳುವವನು ಹುಡುಗ. ಅವನ ಕೋಶಗಳಲ್ಲಿ ವೈ ವರ್ಣತಂತುವಿನಿಂದ ಹುಟ್ಟಿದ ಪ್ರೋಟೀನುಗಳಿವೆ. ಅವಳ ಟಿ ಕೋಶಗಳು ಅವನ್ನು ಹುಟ್ಟಿನಿಂದ ಕಂಡೇ ಇಲ್ಲ. ಹೆಣ್ಣು ದಾನಿಯಿಂದ ಗಂಡು ರೋಗಿಗೆ ಹೋಗುವ ಕಸಿಯಲ್ಲಿ ಜಿವಿಎಚ್‌ಡಿ ತುಸು ಹೆಚ್ಚು. ಹೆತ್ತ ಹೆಂಗಸರು ಕೊಟ್ಟಾಗ ಇನ್ನಷ್ಟು, ಏಕೆಂದರೆ ಗಂಡುಮಗುವನ್ನು ಹೊತ್ತ ದೇಹಕ್ಕೆ ಆ ಪ್ರೋಟೀನಿನ ಪರಿಚಯ ಮೊದಲೇ ಆಗಿರುತ್ತದೆ. ಹತ್ತು ವರ್ಷದ ತಂಗಿ ಒಳ್ಳೆಯ ದಾನಿಯೇ, ಹೆದರಬೇಡಿ. ಮದ್ದು ಮಾತ್ರ ಬೇಕೇ ಬೇಕು.

ಮಧೂರು ಮಾಸ್ತರ್
ಅವಳಿ ಮಕ್ಕಳಾಗಿದ್ದರೆ? ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಎಲ್ಲ ಪ್ರೋಟೀನೂ ಒಂದೇ. ಅಲ್ಲಿಯಾದರೂ ಮದ್ದು ಬೇಡವೆಂದು ಒಪ್ಪುತ್ತೀರಲ್ಲ?

ಬಿಳಿ ಕೋಟು
ಈ ಕಾಯಿಲೆಯಲ್ಲಿ ಒಪ್ಪುವುದಿಲ್ಲ ಮಾಸ್ತರರೇ. ಅಂಥ ಅವಳಿಗಳಲ್ಲಿ ಹಿಂದೆ ಯಾವ ಮದ್ದೂ ಕೊಡದೆ ಮಜ್ಜೆಯನ್ನು ಮಾತ್ರ ಹರಿಸಿ ನೋಡಿದ್ದಾರೆ. ಕೆಲವರಿಗೆ ಸಾಕಾಯಿತು, ಹಲವರಲ್ಲಿ ಹೊಸ ಮಜ್ಜೆಯೂ ಹಳೆಯದರಂತೆ ಬರಿದಾಯಿತು. ಪರಕೀಯತೆಯ ಪ್ರಶ್ನೆಯೇ ಇಲ್ಲದ ಕಡೆ ಹಾಗೇಕಾಯಿತು? ಅಪ್ಲಾಸ್ಟಿಕ್ ಅನೀಮಿಯಾ ಹೆಚ್ಚಿನವರಲ್ಲಿ ಬರುವುದೇ ಹಾಗೆ: ಸ್ವಂತ ಟಿ ಕೋಶಗಳು ಸ್ವಂತ ಕಾಂಡಕೋಶಗಳನ್ನು ಕೊಲ್ಲುತ್ತವೆ. ಕೊಂದವರನ್ನು ಅಲ್ಲೇ ಇಟ್ಟುಕೊಂಡು ಹೊಸ ಕೋಶ ತಂದರೆ ಅದನ್ನೂ ಕೊಲ್ಲುತ್ತಾರೆ. ಹುಡುಗನಿಗೆ ಮೊದಲು ಮದ್ದು ಕೊಡುವುದಕ್ಕೆ ಇದು ಎರಡನೆಯ ಕಾರಣ.

ನೀರ್ಚಾಲಿನ ಮಾವ
ಈಗ ಸ್ವಲ್ಪ ಬೆಳಕು ಬಿತ್ತು ಡಾಕ್ಟರೇ. ರಕ್ತದ ವಿಷಯ? ನಮ್ಮ ದೊಡ್ಡಣ್ಣ ಇನ್ನೂ ಸಿಟ್ಟಿನಲ್ಲಿದ್ದಾರೆ. 'ಹೊರಗಿನವರ ರಕ್ತ ಆಗುತ್ತದೆ, ನನ್ನದು ಆಗುವುದಿಲ್ಲವಾ' ಎಂದು.

ಸಿಸ್ಟರ್ ಉಪ್ಪಳ
ಇದಕ್ಕೆ ನಾನು ಉತ್ತರಿಸುತ್ತೇನೆ, ವಾರ್ಡಿನಲ್ಲಿ ವಾರಕ್ಕೊಮ್ಮೆ ಇದೇ ಜಗಳ. ಮಾವ ಬಂದು ತೋಳು ಮಡಚಿ ನಿಲ್ಲುತ್ತಾರೆ, ಚಿಕ್ಕಪ್ಪ ಬರುತ್ತಾರೆ, ಬೇಡ ಎಂದರೆ ಅವಮಾನವಾದಂತೆ ನೋಡುತ್ತಾರೆ.

ಅಣ್ಣ, ನಿಮ್ಮ ರಕ್ತದಲ್ಲಿ ಆ ಹುಡುಗಿಯ ಪ್ರೋಟೀನುಗಳನ್ನೇ ಹೋಲುವ ಪ್ರೋಟೀನುಗಳಿರುತ್ತವೆ, ಒಂದೇ ಮನೆತನ ತಾನೆ. ಕಸಿಗೆ ಮೊದಲೇ ಹುಡುಗನ ದೇಹಕ್ಕೆ ಅವುಗಳ ಪರಿಚಯವಾದರೆ ಅದು ಎದುರಾಳಿ ಕೋಶಗಳನ್ನು ತಯಾರಿಟ್ಟುಕೊಳ್ಳುತ್ತದೆ. ನಾಳೆ ತಂಗಿಯ ಮಜ್ಜೆ ಬಂದಾಗ ಹೊರದಬ್ಬುತ್ತದೆ. ಹೊರಗಿನವರ ರಕ್ತವನ್ನು ಕೂಡ ಬಿಳಿ ಕಣ ಸೋಸುವ ಫಿಲ್ಟರ್ ಹಾಕಿಯೇ ಕೊಡುತ್ತೇವೆ, ಅಗತ್ಯಕ್ಕಿಂತ ಒಂದು ಚೀಲ ಹೆಚ್ಚಿಗೆ ಕೊಡುವುದಿಲ್ಲ.

ಇನ್ನೊಂದು ಅಪಾಯ ಅಪರೂಪ, ಆದರೆ ಭಯಂಕರ. ಹತ್ತಿರದ ಸಂಬಂಧಿಯ ಬಿಳಿ ಕಣಗಳು ರೋಗಿಯ ದೇಹಕ್ಕೆ ಬೇರೆಯವೆಂದು ಕಾಣದೇ ಹೋಗಬಹುದು. ದೇಹ ಅವನ್ನು ಬಿಟ್ಟುಬಿಡುತ್ತದೆ. ಆದರೆ ಅವು ರೋಗಿಯನ್ನು ಬಿಡುವುದಿಲ್ಲ. ಅದು ಬಂದರೆ ಬದುಕುವವರು ತೀರಾ ಕಡಿಮೆ. ಅದಕ್ಕೇ ಇಂಥವರಿಗೆ ಕೊಡುವ ರಕ್ತವನ್ನು ವಿಕಿರಣದಲ್ಲಿಟ್ಟು ಟಿ ಕೋಶಗಳು ಹೆಚ್ಚದಂತೆ ಮಾಡುತ್ತಾರೆ. ಚೀಲದ ಮೇಲೆ ಒಂದು ಪುಟ್ಟ ಚೀಟಿ ಅಂಟಿಸಿರುತ್ತಾರೆ. ವಿಕಿರಣ ತಾಗಿದ ಮೇಲೆ ಅದರ ಅಕ್ಷರ ಬದಲಾಗುತ್ತದೆ. ಅದನ್ನು ನೋಡದೆ ನಾನು ಚೀಲ ಏರಿಸುವುದಿಲ್ಲ. ದೊಡ್ಡಣ್ಣನವರಿಗೆ ಹೇಳಿ, ಅವರ ರಕ್ತ ಬೇರೆ ಯಾರದೋ ಮಗುವಿಗೆ ಬೇಕಾಗಿದೆ. ಅಲ್ಲಿ ಕೊಡಲಿ.

ಪೆರ್ಲದ ಕೃಷಿಕ
ಮತ್ತೆ ಒ ಮತ್ತು ಬಿ?

ಬಿಳಿ ಕೋಟು
ರಕ್ತದ ಗುಂಪಿನ ವಂಶವಾಹಿ ಒಂಬತ್ತನೇ ವರ್ಣತಂತುವಿನಲ್ಲಿದೆ. ಎಚ್‌ಎಲ್‌ಎಗೂ ಅದಕ್ಕೂ ಸಂಬಂಧವಿಲ್ಲ. ಕಾಂಡಕೋಶದ ಮೈಮೇಲೆ ಎ, ಬಿ ಗುರುತು ಇರುವುದಿಲ್ಲ, ಹಾಗಾಗಿ ಅದು ನೆಲೆಯೂರುತ್ತದೆ. ಚೀಲದಲ್ಲಿರುವ ಹುಡುಗಿಯ ಕೆಂಪು ಕಣಗಳನ್ನು ಮಾತ್ರ ಬೇರ್ಪಡಿಸಿ ಕೊಡಬೇಕಾಗುತ್ತದೆ. ಕೆಲವು ತಿಂಗಳಲ್ಲಿ ಹುಡುಗ ಬಿ ಪಾಸಿಟಿವ್ ಆಗುತ್ತಾನೆ.

ನೀರ್ಚಾಲಿನ ಮಾವ
ಇದನ್ನು ಓದಿ ಹೇಳಿದೆ. ಅಮ್ಮ ಕೇಳುತ್ತಿದ್ದಾರೆ, ಹಾಗಾದರೆ ಜಾತಕವೂ ಬದಲಾಗುವುದಾ ಎಂದು.

ಸಿಸ್ಟರ್ ಉಪ್ಪಳ
ಜಾತಕ ಅದೇ ಇರುತ್ತದೆ ಅಜ್ಜಿ. ಆಧಾರ್ ಕಾರ್ಡೂ ಅದೇ.

ಎರಡನೇ ಹುಟ್ಟು
ಕುಂಬಳೆಯವನು. ನನಗೆ ಬಂದದ್ದು ರಕ್ತದ ಕ್ಯಾನ್ಸರ್. ಒಡಹುಟ್ಟಿದವರಲ್ಲಿ ಯಾರೂ ಹೊಂದಲಿಲ್ಲ. ಮಗನ ಅರ್ಧ ಹೊಂದಿಕೆಯ ಕೋಶಗಳನ್ನು ಹಾಕಿದರು. ಅರ್ಧ ಹೊಂದಿಕೆಯಲ್ಲಿ ಜಗಳ ಖಂಡಿತ ಎಂದು ಮೊದಲೇ ಹೇಳಿದ್ದರು. ಅದಕ್ಕೆ ಅವರ ಉಪಾಯ ನನಗೆ ಈಗಲೂ ಸೋಜಿಗ. ಕೋಶ ಹಾಕಿದ ಮೂರನೆಯ ಮತ್ತು ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಮದ್ದನ್ನು ಮತ್ತೆ ಕೊಟ್ಟರು. ಈಗಷ್ಟೇ ಹಾಕಿದ್ದನ್ನು ನೀವೇ ಕೊಲ್ಲುತ್ತೀರಾ ಎಂದು ಕೇಳಿದೆ.

ಆಮೇಲೆ ಅಂಗೈ, ಅಂಗಾಲು ಕೆಂಪಗಾಗಿ ಉರಿ ಶುರುವಾಯಿತು. ನಾನು ಗಾಬರಿ, ಡಾಕ್ಟರ ಮುಖದಲ್ಲಿ ಮಾತ್ರ ಒಂದು ನಮೂನೆಯ ಸಮಾಧಾನ. ಸ್ವಲ್ಪ ಜಿವಿಎಚ್‌ಡಿ ನಿನಗೆ ಒಳ್ಳೆಯದೇ ಎಂದರು. ಮಗನ ಕೋಶಗಳು ನನ್ನ ಚರ್ಮವನ್ನು ಗುರುತಿಸುತ್ತವೆ ಎಂದರೆ ಉಳಿದ ಕ್ಯಾನ್ಸರ್ ಕೋಶಗಳನ್ನೂ ಗುರುತಿಸಿ ಕೊಲ್ಲುತ್ತವೆ ಎಂಬ ಲೆಕ್ಕ. ಈಗ ಕಣ್ಣು ಒಣಗುತ್ತದೆ, ಹನಿ ಮದ್ದು ಜೇಬಿನಲ್ಲೇ ಇರುತ್ತದೆ. ಬಾಯಿಯ ಒಳಗೆ ಬಿಳಿ ಗೆರೆಗಳು. ಮಾವಿನ ಮಿಡಿಯ ಉಪ್ಪಿನಕಾಯಿ ತಟ್ಟೆಯ ಅಂಚಿಗೆ ಬಂದರೂ ನಾಲಗೆ ಉರಿಯುತ್ತದೆ. ಹಾಗೆಂದು ದೂರುವುದಿಲ್ಲ. ಹಾಗಾಗಿ ನೀರ್ಚಾಲಿನವರೇ, ಸ್ವಲ್ಪ ಉರಿ ಬಂದರೆ ಹೆದರಬೇಡಿ, ಒಳ್ಳೆಯ ಲಕ್ಷಣ.

ಬಿಳಿ ಕೋಟು
ನಿಮ್ಮ ಮಟ್ಟಿಗೆ ನಿಜ, ಈ ಹುಡುಗನ ಮಟ್ಟಿಗೆ ಅಲ್ಲ. ಅವನಲ್ಲಿ ಕೊಲ್ಲಬೇಕಾದ ಕ್ಯಾನ್ಸರ್ ಇಲ್ಲ. ಜಿವಿಎಚ್‌ಡಿ ಬಂದರೆ ಪೂರ್ತಿ ನಷ್ಟವೇ. ಕೆಂಪು ಕಲೆಯಾಗಲಿ, ನೀರು ನೀರಾದ ಭೇದಿಯಾಗಲಿ, ಕಣ್ಣು ಹಳದಿಯಾಗುವುದಾಗಲಿ ಕಂಡರೆ ಅದೇ ದಿನ ತೋರಿಸಬೇಕು. ಕಾಯಬಾರದು. ಇಂಥ ರೋಗಿಗಳಿಗೆ ರಕ್ತದಿಂದ ಸೋಸಿದ ಕಾಂಡಕೋಶಕ್ಕಿಂತ ಎಲುಬಿನಿಂದ ನೇರ ತೆಗೆದ ಮಜ್ಜೆಯನ್ನೇ ನಾವು ಬಯಸುವುದೂ ಅದಕ್ಕೇ. ಅದರಲ್ಲಿ ಟಿ ಕೋಶ ಕಡಿಮೆ, ದೀರ್ಘಕಾಲದ ಜಿವಿಎಚ್‌ಡಿ ಕಡಿಮೆ.

ಈಗಷ್ಟೇ ಹಾಕಿದ್ದನ್ನೇ ಕೊಲ್ಲುತ್ತೀರಾ ಎಂದು ನೀವು ಕೇಳಿದ ಪ್ರಶ್ನೆ ಒಳ್ಳೆಯದು. ಪರಕೀಯವನ್ನು ಕಂಡು ಕೆರಳಿದ ಟಿ ಕೋಶ ಮೂರು ನಾಲ್ಕು ದಿನದಲ್ಲಿ ವೇಗವಾಗಿ ಇಬ್ಭಾಗವಾಗುತ್ತಿರುತ್ತದೆ. ಸೈಕ್ಲೋಫಾಸ್ಫಮೈಡ್ ಅಂಥವನ್ನು ಹೆಚ್ಚು ಹೊಡೆಯುತ್ತದೆ. ಕಾಂಡಕೋಶದೊಳಗೆ ಆ ಮದ್ದನ್ನು ಮುರಿಯುವ ಕಿಣ್ವ ಹೇರಳವಾಗಿದೆ, ಅದು ಉಳಿದುಕೊಳ್ಳುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಇದನ್ನು ರೂಢಿಗೆ ತಂದರು. ನಮ್ಮ ದೇಶದಲ್ಲಿ ಕುಟುಂಬಗಳು ಚಿಕ್ಕದಾಗುತ್ತಿರುವಾಗ ಇದು ದೊಡ್ಡ ಆಸರೆ.

ಕಷಾಯವೇ ಗತಿ
ಇಷ್ಟೆಲ್ಲ ವಿಷ ಯಾಕೆ? ದಿನಕ್ಕೆರಡು ಹೊತ್ತು ಅಮೃತಬಳ್ಳಿಯ ಕಷಾಯ ಕೊಡಿ. ಕೊರೊನಾ ಕಾಲದಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಕುಡಿದಿದ್ದೇವೆ. ರೋಗನಿರೋಧಕ ಶಕ್ತಿ ತಾನಾಗಿ ಹೆಚ್ಚುತ್ತದೆ.

ಎರಡನೇ ಹುಟ್ಟು
ಮೇಲಿನ ಒಂದು ಪೋಸ್ಟನ್ನಾದರೂ ಓದಿದ್ದೀರಾ? ಹೆಚ್ಚಾಗಿ ಕುಣಿಯುತ್ತಿರುವುದೇ ಆ ಶಕ್ತಿ. ಅದನ್ನು ಇಳಿಸಲು ಲಕ್ಷಗಟ್ಟಲೆ ಸುರಿಯುತ್ತಿರುವಾಗ ನೀವು ಏರಿಸಲು ಬಳ್ಳಿ ಅರೆಯುತ್ತಿದ್ದೀರಿ.

ಕಷಾಯವೇ ಗತಿ
ನಾಲ್ಕು ತಲೆಮಾರಿನಿಂದ ಕುಡಿಯುತ್ತಾ ಬಂದದ್ದು. ಯಾರಿಗೂ ಏನೂ ಆಗಲಿಲ್ಲ.

ಸಿಸ್ಟರ್ ಉಪ್ಪಳ
ಆ ನಾಲ್ಕು ತಲೆಮಾರಿನಲ್ಲಿ ಯಾರೂ ಸೈಕ್ಲೋಸ್ಪೊರಿನ್ ಕುಡಿಯುತ್ತಿರಲಿಲ್ಲ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2021ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದ್ದಾರೆ. ಕಸಿಯಾದ ಮಗುವಿಗೆ ಕಷಾಯ ಕೊಟ್ಟು ಯಕೃತ್ತು ಕೆಟ್ಟರೆ ಅದು ಮದ್ದಿನಿಂದಲೋ, ಜಿವಿಎಚ್‌ಡಿಯಿಂದಲೋ, ಬಳ್ಳಿಯಿಂದಲೋ ಎಂದು ಕಂಡುಹಿಡಿಯುವುದರಲ್ಲೇ ವಾರ ಹೋಗುತ್ತದೆ. ಇನ್ನೊಂದು ನೆನಪಿರಲಿ: ಚಕ್ಕೋತ ಬೇಡ. ನಮ್ಮ ಹಿತ್ತಲಿನ ಹಣ್ಣೇ, ಆದರೆ ಅದು ಕರುಳಿನಲ್ಲಿ ಸೈಕ್ಲೋಸ್ಪೊರಿನ್ ಒಡೆಯುವ ಕಿಣ್ವವನ್ನು ತಡೆದು ರಕ್ತದಲ್ಲಿ ಮದ್ದಿನ ಮಟ್ಟ ಏರಿಸುತ್ತದೆ, ಕಿಡ್ನಿಗೆ ಪೆಟ್ಟು. ಮಟ್ಟ ನೋಡಲು ರಕ್ತ ತೆಗೆಯುವ ದಿನ ಬೆಳಗಿನ ಮದ್ದು ನುಂಗಿಸಿಕೊಂಡು ಬರಬೇಡಿ. ರಕ್ತ ಕೊಟ್ಟ ಮೇಲೆ ನುಂಗಿಸಿ. ಹತ್ತರಲ್ಲಿ ನಾಲ್ಕು ಮನೆಯವರು ನುಂಗಿಸಿಯೇ ಕರೆತರುತ್ತಾರೆ. ಮೈಮೇಲೆ ಕೂದಲು ಬೆಳೆಯುತ್ತದೆ, ವಸಡು ಊದುತ್ತದೆ. ಹುಡುಗ ಕನ್ನಡಿ ನೋಡಿ ಅತ್ತರೆ ಮದ್ದು ನಿಲ್ಲಿಸಿದ ಮೇಲೆ ಹೋಗುತ್ತದೆ ಎಂದು ಹೇಳಿ.

ನಿರ್ವಾಹಕ
ಕಷಾಯದ ವಾದ ಇಲ್ಲಿಗೆ ಸಾಕು. ಮುಂದುವರಿಸಿದರೆ ಅಳಿಸುತ್ತೇನೆ.

ಗಿಡ್ಡ ದನದ ಹಟ್ಟಿ
ನನ್ನ ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿ ಇವೆ. ವಿಷಯ ಬೇರೆಯಾದರೂ ಕೇಳುತ್ತೇನೆ. ದನ ಅವಳಿ ಹಾಕಿದರೆ, ಹೋರಿಯ ಜೊತೆ ಹುಟ್ಟಿದ ಹೆಣ್ಣು ಕರು ಹೆಚ್ಚಾಗಿ ಗೊಡ್ಡಾಗುತ್ತದೆ. ಹೊಟ್ಟೆಯೊಳಗೆ ರಕ್ತ ಬೆರೆತದ್ದರಿಂದ ಎಂದು ಪಶುವೈದ್ಯರು ಹೇಳಿದ್ದರು. ಅಲ್ಲಿ ಯಾಕೆ ಜಗಳ ಇಲ್ಲ?

ಮಧೂರು ಮಾಸ್ತರ್
ಬಂದಿರಿ ದಾರಿಗೆ! ಇದು ವಿಷಯ ಬೇರೆಯಲ್ಲ, ಇಡೀ ವಿಷಯದ ಬೇರು. 1945ರಲ್ಲಿ ಅಮೆರಿಕದ ರೇ ಓವನ್ ಎಂಬವರು ಅವಳಿ ಕರುಗಳ ರಕ್ತ ನೋಡಿದರು. ಪ್ರತಿ ಕರುವಿನಲ್ಲೂ ತನ್ನದರ ಜೊತೆ ಒಡಹುಟ್ಟಿನ ಕೆಂಪು ಕಣಗಳೂ ಇದ್ದವು, ದೊಡ್ಡದಾದ ಮೇಲೂ ಇದ್ದವು. ಕೆಂಪು ಕಣಕ್ಕೆ ಅಷ್ಟು ಆಯುಸ್ಸಿಲ್ಲ. ಎಂದರೆ ಒಂದರ ಕಾಂಡಕೋಶವೇ ಇನ್ನೊಂದರ ಮಜ್ಜೆಯಲ್ಲಿ ಮನೆ ಮಾಡಿತ್ತು. ದೇಹ ಬೆಳೆಯುವ ಹೊತ್ತಿನಲ್ಲಿ ಕಂಡದ್ದನ್ನೆಲ್ಲ ತನ್ನದೆಂದೇ ಕಲಿಯುತ್ತದೆ. ಇದನ್ನು ಹಿಡಿದು ಮುಂದುವರಿದ ಪೀಟರ್ ಮೆಡಾವರ್‌ಗೆ, ಬರ್ನೆಟ್ ಅವರ ಜೊತೆ, 1960ರಲ್ಲಿ ನೊಬೆಲ್. ಓವನ್‌ಗೆ ಬರಲಿಲ್ಲ, ಅನ್ಯಾಯ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಬಿಳಿ ಕೋಟು
ಅದಕ್ಕೆ ಸೇರಿಸುತ್ತೇನೆ. ಕಿಡ್ನಿ ಹಾಕಿಸಿಕೊಂಡವರು ಜೀವಮಾನ ಪೂರ್ತಿ ಮದ್ದು ನುಂಗಬೇಕು. ಈ ಹುಡುಗ ಎಲ್ಲ ಸರಿಯಾದರೆ ವರ್ಷದ ಆಸುಪಾಸಿನಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸಬಹುದು. ಯಾಕೆಂದರೆ ತಂಗಿಯ ಕಾಂಡಕೋಶದಿಂದ ಹುಟ್ಟುವ ಹೊಸ ಟಿ ಕೋಶಗಳು ಎದೆಯ ಗೂಡಿನಲ್ಲಿರುವ ಅವನದೇ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ಅವನ ದೇಹದ ಮೇಲೆ ಏರಿಹೋಗುವಂಥವು ಅಲ್ಲೇ ಸಾಯುತ್ತವೆ. ಉಳಿದವಕ್ಕೆ ಅವನೇ ಸ್ವಂತ. ತಪ್ಪಿಸಿಕೊಂಡು ಬಂದ ಕೆಲವನ್ನು ಹಿಡಿತದಲ್ಲಿಡುವ ನಿಯಂತ್ರಕ ಟಿ ಕೋಶಗಳೂ ಇವೆ. 2025ರ ವೈದ್ಯಕೀಯ ನೊಬೆಲ್ ಆ ಶೋಧಕ್ಕೇ ಬಂತು: ಜಪಾನಿನ ಸಕಾಗುಚಿ, ಅಮೆರಿಕದ ಬ್ರಂಕೋ ಮತ್ತು ರಾಮ್ಸ್‌ಡೆಲ್. ವಯಸ್ಸಾದಂತೆ ಥೈಮಸ್ ಕರಗುತ್ತದೆ. ಹದಿಮೂರರಲ್ಲಿ ಅದು ಇನ್ನೂ ಗಟ್ಟಿಮುಟ್ಟು. ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುವುದಕ್ಕೆ ಇದೂ ಕಾರಣ.

ಪ್ಲಸ್ ಟು ಸಯನ್ಸ್
ಬೇರೆಯವರಿಂದ ತರುವ ಬದಲು ಅವನ ಚರ್ಮದ ಕೋಶವನ್ನೇ ಕಾಂಡಕೋಶ ಮಾಡಿದರೆ ಆಗದೇ? ಜಪಾನಿನ ವಿಜ್ಞಾನಿ ಯಮನಾಕ 2006ರಲ್ಲಿ ಇಲಿಯ ಕೋಶದಲ್ಲಿ ಮಾಡಿದ್ದಾರಲ್ಲ. ಸ್ವಂತದ್ದಾದರೆ ತಿರಸ್ಕಾರ ಇಲ್ಲ.

ಬಿಳಿ ಕೋಟು
ಚುರುಕಾದ ಪ್ರಶ್ನೆ ತಮ್ಮ. ಎರಡು ತೊಡಕು. ಆ ಕೋಶಗಳಿಂದ ದೀರ್ಘಕಾಲ ನಿಲ್ಲುವ ರಕ್ತದ ಕಾಂಡಕೋಶವನ್ನು ರೋಗಿಗೆ ಕೊಡುವಷ್ಟು ಮಾಡುವುದು ಇನ್ನೂ ಪ್ರಯೋಗಾಲಯದ ಹಂತದಲ್ಲೇ ಇದೆ. ಮತ್ತೆ ಅವಳಿಗಳ ಕಥೆ ನೆನಪಿಸಿಕೋ. ಸ್ವಂತದ್ದನ್ನೇ ಕೊಲ್ಲುವ ಕಾಯಿಲೆಗೆ ಸ್ವಂತದ್ದನ್ನೇ ಮತ್ತೆ ತಂದಿಟ್ಟರೆ ಏನು ಲಾಭ?

ಬೇರೆ ಕಡೆ ಕೆಲಸ ಮುಂದುವರಿದಿದೆ. 2014ರಲ್ಲಿ ಜಪಾನಿನ ಕೋಬೆಯಲ್ಲಿ ರೋಗಿಯ ಸ್ವಂತ ಚರ್ಮದಿಂದ ಮಾಡಿದ ಪದರವನ್ನು ಕಣ್ಣಿನ ಅಕ್ಷಿಪಟಲಕ್ಕೆ ಹಾಕಿದರು. 2025ರಲ್ಲಿ ಸ್ವೀಡನ್ನಿನ ಉಪ್ಸಾಲದವರು ದಾನಿಯ ಇನ್ಸುಲಿನ್ ಕೋಶಗಳ ವಂಶವಾಹಿ ತಿದ್ದಿ, ತಿರಸ್ಕಾರ ತಡೆಯುವ ಯಾವ ಮದ್ದೂ ಇಲ್ಲದೆ ಮಧುಮೇಹಿಯೊಬ್ಬರ ತೋಳಿನಲ್ಲಿ ಉಳಿಸಿದ್ದನ್ನು ಪ್ರಕಟಿಸಿದರು. ಎಚ್‌ಎಲ್‌ಎ ಅಳಿಸಿದರೆ ಟಿ ಕೋಶಕ್ಕೆ ಕಾಣುವುದಿಲ್ಲ ಸರಿ, ಆದರೆ ಎಚ್‌ಎಲ್‌ಎಯೇ ಇಲ್ಲದ ಕೋಶವನ್ನು ಕೊಲ್ಲುವ ಬೇರೊಂದು ಜಾತಿಯ ಬಿಳಿ ಕಣವಿದೆ. ಅದನ್ನು ಸುಮ್ಮನಿರಿಸಲು ಸಿಡಿ47 ಎಂಬ ಪ್ರೋಟೀನನ್ನು ಹೆಚ್ಚಿಸಿದರು. ಕೊಟ್ಟದ್ದು ಸಣ್ಣ ಪ್ರಮಾಣ, ಅವರಿಗೆ ಇನ್ಸುಲಿನ್ ಚುಚ್ಚುಮದ್ದು ಇನ್ನೂ ಬೇಕು.

ಎಣ್ಮಕಜೆಯ ಅಮ್ಮ
ನಾನು ಹೆಚ್ಚು ಓದಿದವಳಲ್ಲ. ನಮ್ಮ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದ ಕಥೆ ಎಲ್ಲರಿಗೂ ಗೊತ್ತು. ನನ್ನ ಮಗ ಎದ್ದು ಕೂರುವುದಿಲ್ಲ, ಮಾತಿಲ್ಲ. ದೂರದ ಊರಿನ ಒಂದು ಕ್ಲಿನಿಕ್ಕಿನವರು ಕಾಂಡಕೋಶದ ಇಂಜೆಕ್ಷನ್ ಕೊಟ್ಟರೆ ನಡೆಯುತ್ತಾನೆ ಎಂದು ಹೇಳಿದರು. ಚಿನ್ನ ಅಡವಿಟ್ಟು ಹೋದೆವು. ಹೊರಗಿನ ಮಗುವಿನ ಹೊಕ್ಕುಳಬಳ್ಳಿಯ ಕೋಶವಂತೆ. ದೇಹ ತಿರಸ್ಕರಿಸುವುದೇ ಇಲ್ಲ, ಪರೀಕ್ಷೆಯೂ ಬೇಡ ಎಂದರು. ಒಂದು ವಾರ ಜ್ವರ ಬಂತು. ಕೋಶ ಕೆಲಸ ಮಾಡುವ ಲಕ್ಷಣ ಎಂದರು. ಮಗ ಹಾಗೆಯೇ ಇದ್ದಾನೆ. ಈಗ ಇನ್ನೊಂದು ಸಲ ಬನ್ನಿ ಎಂದು ಫೋನು. ಹೊಂದಿಕೆ ನೋಡದೆ ಹಾಕುವುದು ಹೇಗೆ ಸಾಧ್ಯ ಎಂದು ಇಲ್ಲಿ ಓದುವಾಗ ಸಂಶಯ ಬಂತು.

ಬಿಳಿ ಕೋಟು
ಹೋಗಬೇಡಿ ಅಮ್ಮ. ಅವರು ಕೊಟ್ಟದ್ದು ಮಜ್ಜೆಯ ಕಾಂಡಕೋಶವಲ್ಲ, ಮೆಸೆಂಕೈಮಲ್ ಎಂಬ ಬೇರೆ ಬಗೆಯದು. ಅದರ ಮೈಮೇಲೆ ಎಚ್‌ಎಲ್‌ಎ ಕಡಿಮೆ ಇರುವುದರಿಂದ ದೇಹ ತಕ್ಷಣ ಕೆರಳುವುದಿಲ್ಲ. ಅಷ್ಟನ್ನೇ ಹಿಡಿದು ತಿರಸ್ಕಾರವೇ ಇಲ್ಲ ಎಂದು ಮಾರುತ್ತಾರೆ. ತಿರಸ್ಕಾರ ನಿಧಾನವಾಗಿ ಆಗಿಯೇ ಆಗುತ್ತದೆ. ರಕ್ತನಾಳಕ್ಕೆ ಹಾಕಿದ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಂಡು ಕೆಲವು ದಿನಗಳಲ್ಲಿ ಇಲ್ಲವಾಗುತ್ತವೆ. ಮಿದುಳಿಗೆ ಹೋಗಿ ನರವಾಗಿ ಬೆಳೆಯುವುದಿಲ್ಲ. ಜ್ವರ ಬಂದದ್ದು ಗುಣದ ಲಕ್ಷಣವಲ್ಲ.

ಇದೇ ಮೆಸೆಂಕೈಮಲ್ ಕೋಶಕ್ಕೆ ಒಂದು ನಿಜವಾದ ಉಪಯೋಗವಿದೆ. ಸ್ಟಿರಾಯ್ಡಿಗೆ ಬಗ್ಗದ ಜಿವಿಎಚ್‌ಡಿ ಬಂದ ಮಕ್ಕಳಿಗೆ ಕೊಡಲು ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿಯೂ ಅದು ಹೊಸ ಅಂಗ ಬೆಳೆಸುವುದಿಲ್ಲ, ಕೆರಳಿದ ಟಿ ಕೋಶವನ್ನು ತಣಿಸುತ್ತದೆ. ನಮ್ಮ ದೇಶದ 2017ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಬಿಟ್ಟರೆ ಉಳಿದ ಕಾಂಡಕೋಶ ಚಿಕಿತ್ಸೆಗಳು ಪ್ರಯೋಗವೇ ಹೊರತು ಚಿಕಿತ್ಸೆಯಲ್ಲ. ಪ್ರಯೋಗಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಹಣ ಕೇಳಿದರೆಂದರೆ ಅಲ್ಲಿಗೇ ತಿಳಿದುಕೊಳ್ಳಿ. ಮಗನಿಗೆ ಫಿಸಿಯೋಥೆರಪಿ ಬಿಡಬೇಡಿ.

ಎಣ್ಮಕಜೆಯ ಅಮ್ಮ
ಅವರ ನಂಬರನ್ನು ಬ್ಲಾಕ್ ಮಾಡಿದೆ.

ಪೆರ್ಲದ ಕೃಷಿಕ
ಒಳ್ಳೆಯದು ಮಾಡಿದಿರಿ ಅಕ್ಕ. ನನ್ನ ಸೊಸೆಗೆ ಈಗ ಏಳು ತಿಂಗಳು. ಹೊಕ್ಕುಳಬಳ್ಳಿಯ ರಕ್ತವನ್ನು ದುಡ್ಡು ಕೊಟ್ಟು ಕಾದಿರಿಸಿ, ನಾಳೆ ಮಗುವಿಗೆ ಏನೇ ಬಂದರೂ ಆಗುತ್ತದೆ ಎಂದು ಒಬ್ಬ ಬಂದಿದ್ದ. ಅದೂ ಹೀಗೆಯಾ?

ಸಿಸ್ಟರ್ ಉಪ್ಪಳ
ಭಾವ, ಏನೇ ಬಂದರೂ ಎಂಬುದು ಮಾರುವವರ ಮಾತು. ತಲಸ್ಸೇಮಿಯಾದಂಥ ಹುಟ್ಟು ಕಾಯಿಲೆ ಬಂದರೆ ಆ ರಕ್ತದಲ್ಲೂ ಅದೇ ದೋಷ ಇರುತ್ತದೆ. ದುಡ್ಡು ಪಡೆದು ಮನೆಮನೆಗೆ ಕಾದಿರಿಸುವುದನ್ನು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಕಸಿ ಬೇಕಾದ ಇನ್ನೊಂದು ಮಗು ಇದ್ದರೆ ಮಾತ್ರ ಲೆಕ್ಕ ಬೇರೆ. ಆ ದುಡ್ಡಿಗೆ ಬಾಣಂತಿಯ ಆರೈಕೆ ಮಾಡಿ.

ತಲಪಾಡಿ ಗೇಟು
ಎಲ್ಲರೂ ಕೋಶದ ಗಡಿಯನ್ನೇ ಮಾತಾಡುತ್ತಿದ್ದೀರಿ. ನಮ್ಮ ಗಡಿಯ ಕಥೆ? 2020ರ ಮಾರ್ಚಿನಲ್ಲಿ ಕೊರೊನಾ ಎಂದು ಕೇರಳ, ಕರ್ನಾಟಕ ಗಡಿಯ ತಲಪಾಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದಾಗ ಆಂಬುಲೆನ್ಸಿಗೂ ದಾರಿ ಇರಲಿಲ್ಲ. ಅಂಥ ದಿನ ಮತ್ತೆ ಬಂದರೆ ವರ್ಷವಿಡೀ ತಪಾಸಣೆಗೆ ಹೋಗಬೇಕಾದ ಮಕ್ಕಳ ಗತಿ ಏನು? ಆರೋಗ್ಯ ಕಾರ್ಡು ಒಂದು ರಾಜ್ಯದ್ದು, ಆಸ್ಪತ್ರೆ ಇನ್ನೊಂದು ರಾಜ್ಯದ್ದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇದೇ ಗೋಳು.

ಎರಡನೇ ಹುಟ್ಟು
ನಾನು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಹೋದೆ. ಮಂಗಳೂರು ಮೇಲ್ ರೈಲು ಹತ್ತಿದರೆ ಕಾಟ್ಪಾಡಿಯಲ್ಲಿ ಇಳಿಯುವುದು, ಗಡಿಯ ತಂಟೆ ಇಲ್ಲ. ಅಲ್ಲಿ 1986ರಿಂದ ಮಜ್ಜೆಯ ಕಸಿ ನಡೆಯುತ್ತಿದೆ. ಆದರೆ ಭಾಷೆ ತಮಿಳು, ರೂಮು ಬಾಡಿಗೆ, ಅಡುಗೆ ಎಲ್ಲ ನಮ್ಮದೇ.

ಮಧೂರು ಮಾಸ್ತರ್
ದೇಶದ ಮೊದಲ ಕಸಿ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ, 1983ರಲ್ಲಿ. ದಾಖಲೆಗೆ ಇರಲಿ.

ನಿರ್ವಾಹಕ
ಗಡಿಯ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ ಬೈದಾಡಿ.

ನೀರ್ಚಾಲಿನ ಮಾವ
ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಇನ್ನೆರಡು ಸಂಶಯ. ಒಂದು ಅಮ್ಮನದು: ಎಲುಬಿನಿಂದ ಮಜ್ಜೆ ತೆಗೆದರೆ ಹುಡುಗಿ ಮುಂದೆ ಬಲಹೀನಳಾಗುತ್ತಾಳೆ, ಮದುವೆ, ಬಾಣಂತನಕ್ಕೆ ತೊಂದರೆ ಎಂದು. ಇನ್ನೊಂದು ನನ್ನದು: ನಮ್ಮದು ಅಡಿಕೆ ಮನೆ. ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಪಕ್ಕದಲ್ಲೇ ಹಟ್ಟಿ. ಹುಡುಗ ಎಲ್ಲಿ ಇರಬೇಕು?

ಸಿಸ್ಟರ್ ಉಪ್ಪಳ
ಹುಡುಗಿಗೆ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದಿಂದ ಸೂಜಿಯಲ್ಲಿ ಎಳೆಯುತ್ತಾರೆ, ಎಲುಬು ಕತ್ತರಿಸುವುದಿಲ್ಲ. ಕೆಲವು ದಿನ ನೋವು, ಒಂದಷ್ಟು ಸಮಯ ಕಬ್ಬಿಣದ ಮಾತ್ರೆ. ಮಜ್ಜೆ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಮದುವೆಗೂ ಹೆರಿಗೆಗೂ ಏನೂ ಅಡ್ಡಿಯಿಲ್ಲ. ಆದರೆ ಅಜ್ಜಿಯ ಬದಲು ಆ ಮಗುವಿನ ಹತ್ತಿರ ಕುಳಿತು ಯಾರಾದರೂ ಮಾತಾಡಿದ್ದೀರಾ? ಎಲ್ಲರ ಕಣ್ಣು ಅಣ್ಣನ ಮೇಲೆ, ಚುಚ್ಚಿಸಿಕೊಳ್ಳುವವಳು ಅವಳು. ನಾಳೆ ಕಸಿ ಹಿಡಿಯದೇ ಹೋದರೆ ತನ್ನ ತಪ್ಪು ಎಂದು ಮಕ್ಕಳು ಎದೆಗೆ ಹಚ್ಚಿಕೊಳ್ಳುತ್ತಾರೆ. ಈಗಲೇ ಹೇಳಿಬಿಡಿ.

ಅಡಿಕೆ ಮನೆಯ ವಿಷಯ ಗಂಭೀರ. ಮಳೆಗಾಲದಲ್ಲಿ ಸಿಪ್ಪೆಯ ರಾಶಿಯ ಮೇಲೆ ಬೂದು ಹಸಿರು ಬೂಷ್ಟು ಹಿಡಿಯುತ್ತದಲ್ಲ, ಕೋಲಿನಿಂದ ಕೆದಕಿದರೆ ಹೊಗೆಯಂತೆ ಏಳುತ್ತದೆ. ಅದರಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಇರುತ್ತದೆ. ನಮಗೆ ಬರೀ ಕೆಮ್ಮು. ರೋಗನಿರೋಧಕ ಶಕ್ತಿ ಇನ್ನೂ ಬೆಳೆಯದ ಹುಡುಗನ ಶ್ವಾಸಕೋಶದಲ್ಲಿ ಅದು ಬೇರು ಬಿಡುತ್ತದೆ. ಅಡಿಕೆ ಸುಲಿಯುವ ಜಾಗ, ಸೊಪ್ಪಿನ ಹಟ್ಟಿ, ಗೊಬ್ಬರದ ಗುಂಡಿ ಯಾವುದರ ಹತ್ತಿರವೂ ಬೇಡ. ಮೊದಲ ತಿಂಗಳುಗಳು ಆಸ್ಪತ್ರೆಯ ಹತ್ತಿರ ಮನೆ ಹಿಡಿಯಿರಿ.

ಗಿಡ್ಡ ದನದ ಹಟ್ಟಿ
ಗಿಡ್ಡ ದನದ ಹಾಲು ಕೊಡಬಹುದಾ? ಬೇಕಿದ್ದರೆ ನಾನೇ ಮುಟ್ಟಿಸುತ್ತೇನೆ.

ಸಿಸ್ಟರ್ ಉಪ್ಪಳ
ಚೆನ್ನಾಗಿ ಕುದಿಸಿ. ಹಸಿ ಹಾಲು ಬೇಡ. ಮನೆಯ ಮೊಸರಿಗೂ ಡಾಕ್ಟರು ಹೇಳುವ ತನಕ ಕಾಯಿರಿ.

ಬಿಳಿ ಕೋಟು
ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ನೆನಪು ಹಳೆಯ ಬಿಳಿ ಕಣಗಳ ಜೊತೆ ಬಹುಮಟ್ಟಿಗೆ ಅಳಿಯುತ್ತದೆ. ಕಸಿಯಾಗಿ ಆರು ತಿಂಗಳಿಂದ ವರ್ಷದೊಳಗೆ ಮತ್ತೆ ಮೊದಲಿನಿಂದ ಹಾಕಲು ಶುರು ಮಾಡುತ್ತಾರೆ. ದಡಾರದಂಥ ಜೀವಂತ ಲಸಿಕೆಗೆ ಎರಡು ವರ್ಷ ಕಳೆಯಬೇಕು, ಮದ್ದೂ ನಿಂತಿರಬೇಕು. ಅಲ್ಲಿಯ ತನಕ ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ದೊಡ್ಡಣ್ಣನವರಿಗೆ ರಕ್ತದ ಬದಲು ಈ ಕೆಲಸ ಒಪ್ಪಿಸಿ.

ಪ್ಲಸ್ ಟು ಸಯನ್ಸ್
ನಾನು ದಾನಿಯಾಗಿ ಹೆಸರು ಬರೆಸಬಹುದೇ? ತಂಗಿಯೇ ಇಲ್ಲದವರು ಏನು ಮಾಡುತ್ತಾರೆ?

ಎರಡನೇ ಹುಟ್ಟು
ಹದಿನೆಂಟು ತುಂಬಲಿ ತಮ್ಮ. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಎರಡೂ ಹೆಸರು ಬರೆದುಕೊಳ್ಳುತ್ತವೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಲ್ಲಿ ಒರೆಸಿ ಕೊಟ್ಟರೆ ಮುಗಿಯಿತು. ಕರೆ ಬರುವುದು ಅಪರೂಪ. ಬಂದಾಗ ಮನೆಯವರ ಮಾತು ಕೇಳಿ ಹಿಂದೆ ಸರಿಯುವುದಿದ್ದರೆ ಮಾತ್ರ ಬರೆಸಬೇಡ. ನನಗೆ ಹೊಂದಿದ ಒಬ್ಬರು ಹಾಗೆಯೇ ಸರಿದಿದ್ದರು.

ಮಧೂರು ಮಾಸ್ತರ್
ವಯಸ್ಸಿನ ಮಿತಿ ದಾಟಿದವರಿಂದ ಯಾಕೆ ತೆಗೆದುಕೊಳ್ಳುವುದಿಲ್ಲ? ನನ್ನ ಮಜ್ಜೆಗೆ ಏನಾಗಿದೆ?

ಸಿಸ್ಟರ್ ಉಪ್ಪಳ
ಏನೂ ಆಗಿಲ್ಲ ಮಾಸ್ತರರೇ. ಚಿಕ್ಕ ವಯಸ್ಸಿನ ದಾನಿಯಾದರೆ ರೋಗಿ ಉಳಿಯುವ ಸಾಧ್ಯತೆ ಹೆಚ್ಚು, ಅಷ್ಟೇ. ನೀವು ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಕಳುಹಿಸಿ.

ಮಧೂರು ಮಾಸ್ತರ್
ಕಳುಹಿಸುತ್ತೇನೆ. ಅವಳಿಗಳ ವಿಷಯದಲ್ಲಿ ಮಾತ್ರ ಡಾಕ್ಟರ ಜೊತೆ ನನ್ನ ವಾದ ಮುಗಿದಿಲ್ಲ.